ಅಪ್ಪ ಒಟಿಪಿ ಹೇಳಿಲ್ಲ, ಕಾರ್ಡ್ ಇಲ್ಲ, ಆದರೂ ಹಣ ಹೋಯಿತು: ಬೆರಳಚ್ಚಿನ ವಂಚನೆಗೆ ಹೊಣೆ ಯಾರು?

ಪ್ರಶ್ನೆ: ನಮ್ಮದು ತರೀಕೆರೆ ತಾಲ್ಲೂಕಿನ ಹಳ್ಳಿ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪನಿಗೆ 68 ವರ್ಷ. 2025ರ ಅಕ್ಟೋಬರ್‌ನಲ್ಲಿ ಅರ್ಧ ಎಕರೆ ಜಮೀನು ಮಾರಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೊ, ಬೆರಳಚ್ಚು ಎಲ್ಲ ಕೊಟ್ಟು ಬಂದರು. ಡಿಸೆಂಬರ್ 15ರ ಸೋಮವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ, ಡಿಸೆಂಬರ್ 6ರ ಶನಿವಾರ ಹತ್ತು ಸಾವಿರದಂತೆ ಮೂರು ಬಾರಿ ಒಟ್ಟು 30,000 ರೂಪಾಯಿ ತೆಗೆದಿರುವುದು ಗೊತ್ತಾಯಿತು. ಪಕ್ಕದಲ್ಲಿ ‘ಎಇಪಿಎಸ್’ ಎಂದಿದೆ. ಅಪ್ಪನಿಗೆ ಎಟಿಎಂ ಕಾರ್ಡ್ ಇಲ್ಲ, ಫೋನ್‌ಪೇ ಇಲ್ಲ, ಯಾರಿಗೂ ಒಟಿಪಿ ಹೇಳಿಲ್ಲ. ಆ ದಿನ ಅವರು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿದ್ದರು, ಅಲ್ಲಿನ ಬಿಲ್ ಇದೆ. ಬ್ಯಾಂಕ್ ಮ್ಯಾನೇಜರ್ ‘ಹೆಬ್ಬೆಟ್ಟು ನಿಮ್ಮ ತಂದೆಯದೇ ಎಂದು ಆಧಾರ್ ದೃಢಪಡಿಸಿದೆ, ಬ್ಯಾಂಕಿನ ತಪ್ಪೇನೂ ಇಲ್ಲ, ಪೊಲೀಸರ ಬಳಿ ಹೋಗಿ’ ಎಂದರು. ಅಂದೇ ಲಿಖಿತ ದೂರು ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಂಡಿದ್ದೇನೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿದ್ದೇನೆ. ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರ್ ಬಹಳ ದಿನಗಳಿಂದ ಬಳಕೆಯಲ್ಲಿಲ್ಲ. ಈಗ ಅಪ್ಪ ರೇಷನ್ ಅಂಗಡಿಯಲ್ಲೂ ಬೆರಳು ಇಡಲು ಒಪ್ಪುತ್ತಿಲ್ಲ, ಆಧಾರ್ ವಾಪಸ್ ಕೊಟ್ಟುಬಿಡೋಣ ಎನ್ನುತ್ತಾರೆ. ಬೆರಳಚ್ಚನ್ನು ಲಾಕ್ ಮಾಡಿಸು ಎಂದು ಅಣ್ಣ ಹೇಳಿದರೆ, ಲಾಕ್ ಮಾಡಿದರೆ ಪಿಂಚಣಿಯೂ ಅಮ್ಮನ ಗೃಹಲಕ್ಷ್ಮಿ ಹಣವೂ ನಿಲ್ಲುತ್ತದೆ ಎಂದು ಊರಿನವರು ಹೆದರಿಸುತ್ತಾರೆ. ಆಧಾರ್ ಮಾಹಿತಿಯೆಲ್ಲ ಸೋರಿದೆ ಎಂಬ ಸುದ್ದಿಯನ್ನೂ, ಏನೂ ಸೋರಿಲ್ಲ ಎಂಬ ಸುದ್ದಿಯನ್ನೂ ಓದಿದ್ದೇನೆ. ಹೊಸ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದ ನಮಗೇನಾದರೂ ಉಪಯೋಗವಿದೆಯೇ? ಇದನ್ನೆಲ್ಲ ಪ್ರಶ್ನಿಸಿದರೆ ತಂತ್ರಜ್ಞಾನದ ವಿರೋಧಿ ಎಂದು ಅಣ್ಣ ಮೂದಲಿಸುತ್ತಾನೆ. ಹೌದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿವೆ. ಎಲ್ಲದರ ಹಿಂದೆ ಇರುವ ಆತಂಕ ಒಂದೇ: ಅಪ್ಪ ಎಲ್ಲೋ ಎಡವಿದರೇ, ಈ ಹಣ ಹೋದದ್ದಕ್ಕೆ ಅವರೇ ಕಾರಣರೇ? ಬ್ಯಾಂಕೊಂದರ ಹಣಪಾವತಿ ವಂಚನೆಗಳ ವಿಭಾಗದಲ್ಲಿ ದೀರ್ಘಕಾಲ ಕೆಲಸ ಮಾಡಿ, ಈಗ ಇಂಥ ದೂರುಗಳನ್ನು ಬರೆದುಕೊಡುವವನಾಗಿ ಹೇಳುತ್ತೇನೆ, ನೀವು ವಿವರಿಸಿದ ಪ್ರಕಾರ ನಿಮ್ಮ ತಂದೆಯವರು ಮಾಡಬಾರದ್ದನ್ನು ಏನೂ ಮಾಡಿಲ್ಲ. ಕಾನೂನು ಕೇಳಿದ ಕಡೆ ಬೆರಳಚ್ಚು ಕೊಟ್ಟಿದ್ದಾರೆ, ಅಷ್ಟೇ. ಮ್ಯಾನೇಜರ್ ಹೇಳಿದ ಮಾತು ನಿಯಮದ ಪ್ರಕಾರವೂ ಸರಿಯಲ್ಲ. ಅದನ್ನು ಮುಂದೆ ವಿವರಿಸುತ್ತೇನೆ. ಮೊದಲು ಹಣ ಹೇಗೆ ಹೋಯಿತು ಎಂಬುದು ಸ್ಪಷ್ಟವಾಗಬೇಕು.

ಎಇಪಿಎಸ್ ಎಂದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯೇ ಇದನ್ನೂ ನಡೆಸುತ್ತದೆ. ಹಳ್ಳಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಬಳಿ ಇರುವ ಚಿಕ್ಕ ಯಂತ್ರದಲ್ಲಿ ಬ್ಯಾಂಕಿನ ಹೆಸರನ್ನು ಆರಿಸಿ, ಆಧಾರ್ ಸಂಖ್ಯೆಯನ್ನು ಒತ್ತಿ, ಬೆರಳಿಟ್ಟರೆ ಸಾಕು, ನಗದು ಕೈಗೆ ಬರುತ್ತದೆ. ಪಿನ್ ಇಲ್ಲ, ಒಟಿಪಿ ಇಲ್ಲ, ಖಾತೆ ಸಂಖ್ಯೆಯೂ ಬೇಡ. ವಂಚಕನಿಗೆ ನಿಮ್ಮ ತಂದೆಯವರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ಮುಂಚೆ ಗೊತ್ತಿರಬೇಕಾಗಿಯೂ ಇಲ್ಲ, ಒಂದಾದ ಮೇಲೊಂದು ಬ್ಯಾಂಕಿನ ಹೆಸರು ಹಾಕಿ ನೋಡಿದರೆ ಸಿಕ್ಕಿಬಿಡುತ್ತದೆ. ಒಂದು ಬಾರಿಗೆ ತೆಗೆಯಬಹುದಾದ ಗರಿಷ್ಠ ಮೊತ್ತ 10,000 ರೂಪಾಯಿ. ನಿಮ್ಮ ಪಾಸ್‌ಬುಕ್‌ನಲ್ಲಿ ಹತ್ತು ಸಾವಿರದ ಮೂರು ಸಾಲುಗಳು ಬಂದಿರುವುದು ಅದಕ್ಕೇ. ‘ಒಟಿಪಿ ಹೇಳದಿದ್ದರೆ ಹಣ ಹೋಗುವುದಿಲ್ಲ’ ಎಂದು ಬ್ಯಾಂಕುಗಳು ನಮಗೆಲ್ಲ ಕಲಿಸಿದ ಪಾಠ ಈ ಒಂದು ಬಾಗಿಲಿಗೆ ಅನ್ವಯಿಸುವುದೇ ಇಲ್ಲ. ಬಹುಪಾಲು ಗ್ರಾಹಕರಿಗೆ ತಮ್ಮ ಖಾತೆಗೆ ಇಂಥದ್ದೊಂದು ಬಾಗಿಲು ಇದೆ ಎಂಬುದೇ ಹಣ ಹೋಗುವವರೆಗೆ ತಿಳಿದಿರುವುದಿಲ್ಲ. ಖಾತೆಗೆ ಆಧಾರ್ ಜೋಡಿಸಿದಾಗ ಅದು ತನ್ನಷ್ಟಕ್ಕೆ ತೆರೆದುಕೊಂಡಿರುತ್ತದೆ.

ಈ ವ್ಯವಸ್ಥೆ ಕೆಟ್ಟ ಉದ್ದೇಶದಿಂದ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. 2020ರ ಲಾಕ್‌ಡೌನ್‌ನಲ್ಲಿ ಜನಧನ ಖಾತೆಯ ಮಹಿಳೆಯರಿಗೆ ಮೂರು ತಿಂಗಳು ಐನೂರು ರೂಪಾಯಿಯಂತೆ ಬಂದ ಹಣವನ್ನು ಬಸ್ಸೇ ಇಲ್ಲದ ದಿನಗಳಲ್ಲಿ ಎಷ್ಟೋ ಮಂದಿ ಮನೆಯ ಹತ್ತಿರದಲ್ಲೇ ತೆಗೆದುಕೊಂಡದ್ದು ಬ್ಯಾಂಕ್ ಮಿತ್ರರ ಈ ಯಂತ್ರದಿಂದ. ಓದು ಬರಹ ಬಾರದವರಿಗೆ, ಪಿನ್ ನೆನಪಿಡಲಾಗದವರಿಗೆ ಇದು ನಿಜವಾದ ಅನುಕೂಲ. ಆದರೆ ಪಿನ್ ಕಳವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಬೆರಳಚ್ಚು ಗುಟ್ಟೂ ಅಲ್ಲ. ದಿನವೂ ನೂರು ಕಡೆ ಬಿಟ್ಟು ಬರುತ್ತೇವೆ. ಅಂಥದ್ದನ್ನು ಹಣ ತೆಗೆಯುವ ಏಕೈಕ ಪರವಾನಗಿಯಾಗಿ ಮಾಡಿದ್ದೇ ಮೂಲ ದೋಷ.

ನಿಮ್ಮ ತಂದೆಯವರ ಬೆರಳಚ್ಚು ಎಲ್ಲಿಂದ ಹೋಯಿತು? ಸಬ್ ರಿಜಿಸ್ಟ್ರಾರ್ ಕಚೇರಿಯಿಂದಲೇ ಎಂದು ನೀವು ನಿರ್ಧರಿಸಿದಂತೆ ಕಾಣುತ್ತದೆ. ಸಂಶಯಕ್ಕೆ ಕಾರಣವಿದೆ. ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿಸಿದ 32ಎ ಸೆಕ್ಷನ್ ಪ್ರಕಾರ ಪತ್ರ ಹಾಜರುಪಡಿಸುವವರ ಫೋಟೊ ಮತ್ತು ಬೆರಳಚ್ಚು ಪತ್ರದ ಮೇಲೇ ಇರಬೇಕು. ಅದೇ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಸ್ಥಿರಾಸ್ತಿಯ ನೋಂದಾಯಿತ ಪತ್ರಗಳ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಎರಡೂ ನಿಯಮಗಳ ಉದ್ದೇಶ ಒಳ್ಳೆಯದೇ. ಮೊದಲನೆಯದು ಯಾರದೋ ಜಮೀನನ್ನು ಇನ್ಯಾರೋ ಮಾರುವುದನ್ನು ತಡೆಯಲು, ಎರಡನೆಯದು ಕೊಳ್ಳುವವರು ದಾಖಲೆ ಪರಿಶೀಲಿಸಲು. ಕಾಗದದ ಕಾಲದಲ್ಲಿ ಎರಡೂ ಜೊತೆಯಾಗಿ ಬಾಳಿದವು. ಪತ್ರಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್‌ಗೆ ಏರಿಸಿದಾಗ, ಒಂದೇ ಪುಟದಲ್ಲಿ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಮೂರೂ ಸಿಗುವಂತಾಯಿತು. ವಂಚಕನಿಗೆ ಬೇಕಾದದ್ದು ಅಷ್ಟೇ.

2023ರಲ್ಲಿ ಬೆಂಗಳೂರಿನಲ್ಲಿ, ಆಸ್ತಿ ನೋಂದಣಿ ಮಾಡಿಸಿದ ಸ್ವಲ್ಪ ಕಾಲಕ್ಕೇ ಎಇಪಿಎಸ್ ಮೂಲಕ ಹಣ ಕಳೆದುಕೊಂಡವರು ಸಾಲುಸಾಲಾಗಿ ಪೊಲೀಸರ ಬಳಿ ಬಂದರು. ರಾಜ್ಯದ ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುವ ಪತ್ರಗಳ ಮೇಲೆ ಸಂಶಯ ಬಿತ್ತು. ಆಮೇಲೆ ನೋಂದಣಿ ಮತ್ತು ಮುದ್ರಾಂಕ ಇಲಾಖೆ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮಕ್ಕೆ ಮುಂದಾಯಿತು. ನನಗೆ ಇಂದಿಗೂ ಸಿಟ್ಟು ತರಿಸುವುದು ಇದಲ್ಲ, ಇದಕ್ಕೂ ಐದು ವರ್ಷ ಮುಂಚಿನ ಘಟನೆ. 2018ರಲ್ಲಿ ನೆರೆಯ ತೆಲಂಗಾಣದಲ್ಲಿ ಸಿಮ್ ಮಾರುವ ಒಬ್ಬಾತ ನೋಂದಣಿ ಇಲಾಖೆಯ ಜಾಲತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ಅವುಗಳ ಮೇಲಿನ ಬೆರಳಚ್ಚಿನ ರಬ್ಬರ್ ನಕಲು ಮಾಡಿ, ಬೇರೆಯವರ ಹೆಸರಿನಲ್ಲಿ ಸಿಮ್‌ಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಹೇಗೆ ಮಾಡುತ್ತಾರೆ ಎಂಬುದು ಅಂದೇ ಇಡೀ ದೇಶಕ್ಕೆ ಗೊತ್ತಾಗಿತ್ತು. ಅಂದೇ ಎಲ್ಲ ರಾಜ್ಯಗಳೂ ಬೆರಳಚ್ಚನ್ನು ಮರೆಮಾಡಿದ್ದರೆ ಎಷ್ಟೋ ಮನೆಗಳ ಹಣ ಉಳಿಯುತ್ತಿತ್ತು.

ಹಾಗೆಂದು ನಿಮ್ಮ ಪ್ರಕರಣದಲ್ಲೂ ಸೋರಿಕೆ ಅಲ್ಲಿಂದಲೇ ಆಯಿತು ಎಂದು ದೂರಿನಲ್ಲಿ ಬರೆಯಬೇಡಿ. ಬೇರೆ ದಾರಿಗಳೂ ಇವೆ. ಕ್ರಯಪತ್ರದ ಕಾಗದದ ಪ್ರತಿ ಪತ್ರ ಬರಹಗಾರರ ಮೇಜಿನಿಂದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಸಾಲ ಕೊಡುವ ಬ್ಯಾಂಕಿಗೆ, ದಲ್ಲಾಳಿಯ ಮೊಬೈಲ್‌ಗೆ ಓಡಾಡುತ್ತದೆ. ಹಳ್ಳಿಗಳಲ್ಲಿ ನಾನು ಹೆಚ್ಚು ಕೇಳಿರುವುದು ಇನ್ನೂ ಸರಳವಾದ ಮೋಸವನ್ನು: ‘ಬೆರಳು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ ಅಜ್ಜಾ’ ಎಂದು ಹೇಳಿ ಎರಡನೆಯ ಬಾರಿ ಹಣ ತೆಗೆದುಕೊಳ್ಳುವುದು. ನಿಮ್ಮ ತಂದೆಯವರು ಆ ದಿನ ಮಂಡಿಯಲ್ಲಿದ್ದರು ಎಂದಾದರೆ ಆ ಕೊನೆಯ ಸಾಧ್ಯತೆ ಬಿದ್ದುಹೋಗುತ್ತದೆ. ಸಾಬೀತು ಮಾಡಲಾಗದ ಆರೋಪವನ್ನು ನೀವು ದೂರಿಗೆ ಸೇರಿಸಿದರೆ, ಬ್ಯಾಂಕ್ ಅದನ್ನೇ ಹಿಡಿದು ‘ನೋಂದಣಿ ಇಲಾಖೆಯನ್ನು ಕೇಳಿ’ ಎಂದು ಕೈತೊಳೆದುಕೊಳ್ಳುತ್ತದೆ. ‘ಈ ಮೂರು ವ್ಯವಹಾರಗಳನ್ನು ಖಾತೆದಾರರು ಮಾಡಿಲ್ಲ, ಆ ಹೊತ್ತಿನಲ್ಲಿ ಅವರು ಶಿವಮೊಗ್ಗದಲ್ಲಿದ್ದರು’ ಎಂಬಷ್ಟೇ ಸಾಕು.

ಪರಸ್ಪರ ವಿರುದ್ಧವಾದ ಸುದ್ದಿಗಳ ಬಗ್ಗೆ ಕೇಳಿದ್ದೀರಿ. ಎರಡೂ ಒಂದೊಂದು ಅರ್ಥದಲ್ಲಿ ನಿಜ, ಗೊಂದಲ ಅಲ್ಲೇ ಇದೆ. ಆಧಾರ್ ನೀಡುವ ಯುಐಡಿಎಐ ಪ್ರಾಧಿಕಾರದ ಕೇಂದ್ರ ಭಂಡಾರ ಬೆಂಗಳೂರು ಮತ್ತು ಮಾನೇಸರದ ದತ್ತಾಂಶ ಕೇಂದ್ರಗಳಲ್ಲಿದೆ. ಅಲ್ಲಿಂದ ಬೆರಳಚ್ಚು ಕಳವಾಗಿಲ್ಲ ಎಂದು ಪ್ರಾಧಿಕಾರ ಪ್ರತಿ ಬಾರಿ ಹೇಳುತ್ತದೆ. ನಾನು ನೋಡಿದ ಪ್ರಕರಣಗಳಲ್ಲೂ ಕಳ್ಳತನ ಆ ಭಂಡಾರದಿಂದ ಆದದ್ದಲ್ಲ. 2018ರ ಜನವರಿಯಲ್ಲಿ ‘ದಿ ಟ್ರಿಬ್ಯೂನ್’ ಪತ್ರಿಕೆ ಐನೂರು ರೂಪಾಯಿಗೆ ಆಧಾರ್ ವಿವರ ಸಿಗುತ್ತದೆ ಎಂದು ತೋರಿಸಿದಾಗಲೂ ಸಿಕ್ಕಿದ್ದು ಹೆಸರು, ವಿಳಾಸದಂಥ ವಿವರ, ಬೆರಳಚ್ಚಲ್ಲ. ಆದರೆ ಭಂಡಾರ ಭದ್ರವಾಗಿದೆ ಎಂದ ಮಾತ್ರಕ್ಕೆ ನಿಮ್ಮ ತಂದೆ ಸುರಕ್ಷಿತರಾಗುವುದಿಲ್ಲ. ಅದೇ ಬೆರಳು ನೋಂದಣಿ ಕಚೇರಿಯಲ್ಲಿ, ಸಿಮ್ ಅಂಗಡಿಯಲ್ಲಿ, ಹತ್ತಾರು ಕಾಗದಗಳ ಮೇಲೆ ಬಿದ್ದಿದೆ. ‘ಆಧಾರ್ ಸುರಕ್ಷಿತ’ ಎನ್ನುವವರು ಭಂಡಾರದ ಮಾತಾಡುತ್ತಿದ್ದಾರೆ, ‘ಸೋರಿದೆ’ ಎನ್ನುವವರು ಬೀದಿಯ ಮಾತಾಡುತ್ತಿದ್ದಾರೆ.

ಗೊಂದಲಕ್ಕೆ ಸರ್ಕಾರದ ಕೊಡುಗೆಯೂ ಇದೆ. 2022ರ ಮೇ ತಿಂಗಳಿನಲ್ಲಿ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸ್ ಪ್ರತಿಯನ್ನು ಎಲ್ಲರಿಗೂ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಬಳಸಿ ಎಂದು ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ, ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆ ಎಂದು ಕೇಂದ್ರವೇ ಅದನ್ನು ಹಿಂಪಡೆಯಿತು. ನನ್ನ ಅಭಿಪ್ರಾಯದಲ್ಲಿ ಆ ಸಲಹೆ ಸರಿಯಾಗಿಯೇ ಇತ್ತು. ಹಿಂಪಡೆದದ್ದರಿಂದ ಜನ ‘ಹಾಗಾದರೆ ಯಾರಿಗೆ ಬೇಕಾದರೂ ಕೊಡಬಹುದು’ ಎಂದುಕೊಂಡರು.

ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಆಧಾರ್ ಸಂಖ್ಯೆ ಗೊತ್ತಾದರೆ ಖಾತೆ ಖಾಲಿ’ ಎಂಬ ಮಾತು ಸುಳ್ಳು. ಸಂಖ್ಯೆಯೊಂದರಿಂದ ಹಣ ತೆಗೆಯಲಾಗದು, ಬೆರಳೂ ಬೇಕು. ಆಧಾರ್ ವಾಪಸ್ ಕೊಡುವುದೂ ಸಾಧ್ಯವಿಲ್ಲ. 2019ರ ತಿದ್ದುಪಡಿ ಆ ಅವಕಾಶವನ್ನು ಕೊಟ್ಟಿರುವುದು ಬಾಲ್ಯದಲ್ಲಿ ನೋಂದಣಿಯಾದವರಿಗೆ, ಅದೂ 18 ತುಂಬಿದ ಆರು ತಿಂಗಳೊಳಗೆ.

ಈಗ ಹಣದ ವಿಷಯ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ, ಗ್ರಾಹಕರ ಒಪ್ಪಿಗೆಯಿಲ್ಲದೆ ನಡೆದ ವಿದ್ಯುನ್ಮಾನ ವ್ಯವಹಾರಗಳಲ್ಲಿ ಯಾರ ಹೊಣೆ ಎಷ್ಟು ಎಂದು ನಿಗದಿ ಮಾಡಿದೆ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಥದೇ ನಿಯಮ ಬಂತು. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದು ಎಂದಾದರೆ, ಬ್ಯಾಂಕಿನಿಂದ ಮಾಹಿತಿ ತಲುಪಿದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರಿಗೆ ಪೂರ್ತಿ ಹಣ ಹಿಂತಿರುಗಬೇಕು. ನಾಲ್ಕರಿಂದ ಏಳು ದಿನವಾದರೆ ಗ್ರಾಹಕರ ನಷ್ಟಕ್ಕೆ ಮಿತಿ ಇದೆ: ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯಾದರೆ 5,000, ಸಾಮಾನ್ಯ ಉಳಿತಾಯ ಖಾತೆಯಾದರೆ 10,000 ರೂಪಾಯಿ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಮಂದಿ ಇದರಲ್ಲೇ ಸೋಲುತ್ತಾರೆ. ಆ 10,000ದ ಮಿತಿ ಒಟ್ಟು ನಷ್ಟಕ್ಕಲ್ಲ, ಪ್ರತಿ ವ್ಯವಹಾರಕ್ಕೆ. ನಿಮ್ಮದು ಹತ್ತು ಸಾವಿರದ ಮೂರು ವ್ಯವಹಾರಗಳು. ಆರನೆಯ ಕೆಲಸದ ದಿನ ದೂರು ಕೊಟ್ಟಿದ್ದೀರಿ ಎಂದು ಬ್ಯಾಂಕ್ ಲೆಕ್ಕ ಹಾಕಿದರೆ (6ನೇ ತಾರೀಖನ್ನು ಬಿಟ್ಟು, ಭಾನುವಾರಗಳನ್ನೂ ಎರಡನೆಯ ಶನಿವಾರವನ್ನೂ ಕಳೆದರೆ 15ನೇ ತಾರೀಖು ಆರನೆಯದಾಗುತ್ತದೆ), ಸಾಮಾನ್ಯ ಉಳಿತಾಯ ಖಾತೆಯಲ್ಲಿ ಮೂವತ್ತು ಸಾವಿರವೂ ನಿಮ್ಮ ಪಾಲಿನ ನಷ್ಟವೇ ಆಗಿಬಿಡುತ್ತದೆ. ಆದ್ದರಿಂದ ನಿಮ್ಮ ವಾದ ಎರಡು ಅಂಶಗಳ ಮೇಲೆ ನಿಲ್ಲಬೇಕು. ಒಂದು, ದಿನಗಳ ಎಣಿಕೆ ವ್ಯವಹಾರ ನಡೆದ ದಿನದಿಂದ ಅಲ್ಲ, ಬ್ಯಾಂಕಿನ ಮಾಹಿತಿ ನಿಮಗೆ ತಲುಪಿದ ದಿನದಿಂದ. ನಿಮಗೆ ತಲುಪಿದ್ದು 15ರಂದು, ಪಾಸ್‌ಬುಕ್ ಮೂಲಕ. ಅಂದೇ ದೂರು ಕೊಟ್ಟಿದ್ದೀರಿ. ‘ಎಸ್‌ಎಂಎಸ್ ಕಳುಹಿಸಿದ್ದೇವೆ, ನಂಬರ್ ಬದಲಿಸದಿದ್ದದ್ದು ನಿಮ್ಮ ತಪ್ಪು’ ಎಂದು ಬ್ಯಾಂಕ್ ಹೇಳುತ್ತದೆ. ಇದು ನಿಮ್ಮ ಪ್ರಕರಣದ ದುರ್ಬಲ ಜಾಗ, ಮುಚ್ಚಿಡುವುದಿಲ್ಲ. ಆದ್ದರಿಂದಲೇ ಎರಡನೆಯ ಅಂಶ ಹೆಚ್ಚು ಮುಖ್ಯ: ಬ್ಯಾಂಕಿನ ಕಡೆಯಿಂದ ನಿರ್ಲಕ್ಷ್ಯ ಅಥವಾ ಕೊರತೆ ಇದ್ದರೆ, ಗ್ರಾಹಕರು ಯಾವಾಗ ದೂರು ಕೊಟ್ಟರೂ ಅವರ ಹೊಣೆ ಶೂನ್ಯ. ನಕಲಿ ಬೆರಳನ್ನು ಒಪ್ಪಿಕೊಂಡ ಯಂತ್ರ, ಎದುರಿಗೆ ನಿಂತ ವ್ಯಕ್ತಿ 68ರ ಹಿರಿಯರೇ ಎಂದು ನೋಡದ ಕೇಂದ್ರ, ಎಂದೂ ಎಇಪಿಎಸ್ ಬಳಸದ ಖಾತೆಯಿಂದ ಒಂದೇ ದಿನ ಮೂರು ಬಾರಿ ಗರಿಷ್ಠ ಮೊತ್ತ ಹೋದರೂ ತಡೆಯದ ವ್ಯವಸ್ಥೆ, ಇವೆಲ್ಲ ಕೊರತೆಗಳೇ ಎಂದು ಬರೆಯಿರಿ. ಗ್ರಾಹಕರದೇ ತಪ್ಪು ಎಂದು ಸಾಬೀತುಪಡಿಸುವ ಹೊಣೆ ಬ್ಯಾಂಕಿನದು ಎಂದು ಅದೇ ಸುತ್ತೋಲೆ ಹೇಳುತ್ತದೆ. ‘ಬೆರಳು ತಾಳೆಯಾಗಿದೆ’ ಎನ್ನುವುದು ಸಾಬೀತಲ್ಲ. ಯಂತ್ರ ತಾಳೆ ನೋಡಿದ್ದು ಅಚ್ಚನ್ನು, ಮನುಷ್ಯನನ್ನಲ್ಲ.

ಎಇಪಿಎಸ್ ಈ ಸುತ್ತೋಲೆಯೊಳಗೆ ಬರುವುದಿಲ್ಲ ಎಂದು ವಾದಿಸುವ ಶಾಖೆಗಳೂ ಇವೆ. ಅದಕ್ಕೆ ಜಗ್ಗಬೇಡಿ, ಸುತ್ತೋಲೆ ವಿದ್ಯುನ್ಮಾನ ಬ್ಯಾಂಕಿಂಗ್ ವ್ಯವಹಾರಗಳನ್ನು ವಿಶಾಲವಾಗಿಯೇ ಹೇಳಿದೆ. ಆ ಮೂರು ವ್ಯವಹಾರಗಳ ಉಲ್ಲೇಖ ಸಂಖ್ಯೆ, ಯಂತ್ರದ ಗುರುತು ಸಂಖ್ಯೆ, ಆ ಕೇಂದ್ರ ಯಾವ ಬ್ಯಾಂಕಿಗೆ ಸೇರಿದ್ದು, ಯಾವ ಊರಿನದು ಎಂಬುದನ್ನು ಲಿಖಿತವಾಗಿ ಕೇಳಿ. ಎಷ್ಟೋ ಸಲ ಯಂತ್ರ ಇರುವುದು ಬೇರೆ ರಾಜ್ಯದಲ್ಲಿ. ಆ ಒಂದು ಸಾಲು ಕಾಗದದ ಮೇಲೆ ಬಂದರೆ, ಮಂಡಿಯ ಬಿಲ್ ಜೊತೆಗಿಟ್ಟಾಗ ಬ್ಯಾಂಕಿಗೆ ಹೇಳಲು ಏನೂ ಉಳಿಯುವುದಿಲ್ಲ. ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕೆಂಬ ನಿಯಮವೂ ಇದೆ. ಕ್ರಿಸ್‌ಮಸ್ ಮತ್ತು ನಾಲ್ಕನೆಯ ಶನಿವಾರವನ್ನು ಬಿಟ್ಟು ಎಣಿಸಿದರೆ ನಿಮ್ಮ ಪ್ರಕರಣದಲ್ಲಿ ಆ ಗಡುವು ಡಿಸೆಂಬರ್ 29. ಅದನ್ನು ನೆನಪಿಸಿ ಶಾಖೆಗೂ ಬ್ಯಾಂಕಿನ ಪ್ರಧಾನ ಕಚೇರಿಯ ದೂರು ವಿಭಾಗಕ್ಕೂ ಈಗಲೇ ಬರೆಯಿರಿ.

1930ಕ್ಕೆ ಕರೆ ಮಾಡಿದ್ದು ಒಳ್ಳೆಯದಾಯಿತು, ಅಲ್ಲಿ ಕೊಟ್ಟ ಸ್ವೀಕೃತಿ ಸಂಖ್ಯೆಯನ್ನು ಬ್ಯಾಂಕಿನ ದೂರಿಗೆ ಸೇರಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ. ಬೇರೊಬ್ಬರ ಗುರುತನ್ನು ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್‌ನಡಿ ಮೂರು ವರ್ಷದವರೆಗೆ ಶಿಕ್ಷೆಯ ಅಪರಾಧ. ಆದರೆ ಪೊಲೀಸ್ ತನಿಖೆ ಕಳ್ಳನನ್ನು ಹುಡುಕಲು, ನಿಮ್ಮ ಹಣ ಮರಳಿಸಲು ಅಲ್ಲ. ‘ಪೊಲೀಸರ ವರದಿ ಬರಲಿ, ಆಮೇಲೆ ನೋಡೋಣ’ ಎಂದು ಬ್ಯಾಂಕ್ ಕಾಯಿಸಲು ಬಿಡಬೇಡಿ.

ಬೆರಳಚ್ಚಿನ ಲಾಕ್ ಬಗ್ಗೆ ನಿಮ್ಮ ಅಣ್ಣ ಹೇಳಿದ್ದೇ ಸರಿ. ಮಾಡಿಸಿ, ತಡಮಾಡಬೇಡಿ. ಒಮ್ಮೆ ಕೆಲಸ ಕೊಟ್ಟ ನಕಲಿ ಬೆರಳನ್ನು ಮತ್ತೆ ಬಳಸುತ್ತಾರೆ. ಯುಐಡಿಎಐ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಮೂರೂ ಕೆಲಸ ಮಾಡುವುದಿಲ್ಲ, ಅಸಲಿ ಬೆರಳಿಗೂ ಯಂತ್ರ ಒಪ್ಪುವುದಿಲ್ಲ. ಬೇಕಾದಾಗ ಕೆಲವು ನಿಮಿಷ ತೆರೆದುಕೊಳ್ಳಬಹುದು. ಇದಕ್ಕೆಲ್ಲ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ ಬೇಕು. ಬ್ಯಾಂಕಿನಲ್ಲಿದ್ದ ಹಳೆಯ ನಂಬರೇ ಆಧಾರ್‌ನಲ್ಲೂ ಇದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಬದಲಿಸಿ, ಅದಕ್ಕೆ ಈಗ 75 ರೂಪಾಯಿ. ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ವಿವರಿಸುತ್ತಾರೆ. ಅದೇ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ಆಧಾರ್ ಯಾವಾಗ ಬಳಕೆಯಾಯಿತು ಎಂಬ ದೃಢೀಕರಣದ ಪಟ್ಟಿಯೂ ಸಿಗುತ್ತದೆ. ಡಿಸೆಂಬರ್ 6ರ ಸಾಲುಗಳನ್ನು ಅಚ್ಚು ತೆಗೆದಿಡಿ. ಮೂರು ಯಶಸ್ವಿ ಸಾಲುಗಳ ಜೊತೆಗೆ ವಿಫಲವಾದ ಪ್ರಯತ್ನಗಳೂ ಕಂಡರೆ ಅದು ನಿಮ್ಮ ಪರವಾದ ಪ್ರಬಲ ಸಾಕ್ಷ್ಯ.

ಲಾಕ್ ಮಾಡಿದರೆ ಪಿಂಚಣಿ ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಸರ್ಕಾರದಿಂದ ಖಾತೆಗೆ ಹಣ ಬರಲು ಯಾರೂ ಬೆರಳು ಇಡಬೇಕಾಗಿಲ್ಲ. ಅಮ್ಮನ ಗೃಹಲಕ್ಷ್ಮಿಗೂ ಅಪ್ಪನ ಲಾಕ್‌ಗೂ ಸಂಬಂಧವೇ ಇಲ್ಲ, ಲಾಕ್ ಒಬ್ಬೊಬ್ಬರಿಗೆ ಬೇರೆ ಬೇರೆ. ತೊಂದರೆ ಇರುವುದು ಬೆರಳಿಟ್ಟು ಪಡೆಯುವ ಕಡೆ: ರೇಷನ್ ಅಂಗಡಿಯಲ್ಲಿ ಮತ್ತು ಬ್ಯಾಂಕ್ ಮಿತ್ರರ ಬಳಿ. ರೇಷನ್‌ಗೆ ಕಾರ್ಡಿನಲ್ಲಿರುವ ಬೇರೊಬ್ಬ ಸದಸ್ಯರು ಬೆರಳು ಕೊಡಬಹುದು, ಅಪ್ಪನೇ ಹೋಗಬೇಕೆಂದಿಲ್ಲ. ಅವರು ಪಾಸ್‌ಬುಕ್ ಹಿಡಿದು ಶಾಖೆಯಲ್ಲೇ ಹಣ ತೆಗೆಯುವವರಾದರೆ ಲಾಕ್‌ನಿಂದ ಯಾವ ಅಡ್ಡಿಯೂ ಇಲ್ಲ. ಸ್ಮಾರ್ಟ್‌ಫೋನ್ ಇಲ್ಲದೆ ಒಂಟಿಯಾಗಿರುವ ವೃದ್ಧರಿಗೆ ಮಾತ್ರ ಈ ಲಾಕ್ ನಿಜವಾದ ಕಷ್ಟ, ಅಂಥವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಲಾಕ್‌ಗಿಂತಲೂ ನನಗೆ ಹೆಚ್ಚು ಭರವಸೆ ಇರುವುದು ಖಾತೆಗಳನ್ನು ಬೇರ್ಪಡಿಸುವುದರಲ್ಲಿ. ಪಿಂಚಣಿಯಂಥ ಸರ್ಕಾರಿ ಹಣ ಬರುವ ಖಾತೆಗೆ ಆಧಾರ್ ಇರಲಿ, ಅದರಲ್ಲಿ ಖರ್ಚಿಗೆ ಬೇಕಾದಷ್ಟೇ ಉಳಿಸಿ. ಜಮೀನಿನ ಹಣವನ್ನು ಇನ್ನೊಂದು ಖಾತೆಯಲ್ಲೋ ನಿಗದಿತ ಠೇವಣಿಯಲ್ಲೋ ಇಡಿ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯನ್ನು ಕಡ್ಡಾಯ ಮಾಡುವುದನ್ನು ರದ್ದುಪಡಿಸಿದೆ, ಆದ್ದರಿಂದ ಬೇರೆ ಗುರುತಿನ ದಾಖಲೆ ಕೊಟ್ಟು ಖಾತೆ ತೆರೆಯಬಹುದು. ಶಾಖೆಯವರು ಗೊಣಗಬಹುದು, ಪಟ್ಟು ಬಿಡಬೇಡಿ. ಎರಡೂ ಖಾತೆಗಳಲ್ಲಿ ಎಇಪಿಎಸ್ ಸೌಲಭ್ಯ ಬೇಡ ಎಂದು ಅರ್ಜಿ ಕೊಡಿ. ಹಲವು ಬ್ಯಾಂಕುಗಳು ಇದನ್ನು ನಿಲ್ಲಿಸಿಕೊಡುತ್ತವೆ. ಕೊಡದಿದ್ದರೆ ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿ.

ಹೊಸ ಕಾಯ್ದೆಯ ಬಗ್ಗೆ ನಿರಾಸೆಯ ಉತ್ತರವನ್ನೇ ಕೊಡಬೇಕಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ಅಂಕಿತ ಬಿತ್ತು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಅದರ ಮುಖ್ಯ ಬಾಧ್ಯತೆಗಳು ಜಾರಿಯಾಗಲು ಅಲ್ಲಿಂದ ಹದಿನೆಂಟು ತಿಂಗಳು ಬೇಕು. ಮಾಹಿತಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಎಂಬ ದೊಡ್ಡ ಅಕ್ಷರದ ಸುದ್ದಿ ನಿಜ, ಆದರೆ ಆ ದಂಡ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಹಣ ಕಳೆದುಕೊಂಡವರಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಕಂಪನಿಗಳಿಂದ ಪರಿಹಾರ ಕೇಳಲು ಇದ್ದ 43ಎ ಸೆಕ್ಷನ್ನನ್ನೂ ಈ ಕಾಯ್ದೆ ತೆಗೆದುಹಾಕುತ್ತದೆ. ಇನ್ನೊಂದು, ಕಾನೂನಿನ ಬಾಧ್ಯತೆಯಂತೆ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ನೋಂದಾಯಿತ ಪತ್ರಗಳ ಮೇಲಿನ ಬೆರಳಚ್ಚಿನ ಪ್ರಶ್ನೆ ಬಂದಾಗ ಇಲಾಖೆಗಳು ಈ ವಿನಾಯಿತಿಯ ಹಿಂದೆ ನಿಲ್ಲುತ್ತವೆ ಎಂಬುದು ನನ್ನ ಆತಂಕ.

ರಿಸರ್ವ್ ಬ್ಯಾಂಕಿನ ಒಂದು ಕ್ರಮ ಹೆಚ್ಚು ಉಪಯುಕ್ತ. 2025ರ ಜೂನ್ 27ರ ನಿರ್ದೇಶನದಂತೆ, 2026ರ ಜನವರಿ 1ರಿಂದ ಎಇಪಿಎಸ್ ಯಂತ್ರ ನಡೆಸುವವರ ಹಿನ್ನೆಲೆಯನ್ನು ಬ್ಯಾಂಕುಗಳು ಸರಿಯಾಗಿ ಪರಿಶೀಲಿಸಬೇಕು, ಮೂರು ತಿಂಗಳು ಸುಮ್ಮನಿದ್ದ ಯಂತ್ರವನ್ನು ಮತ್ತೆ ಚಾಲೂ ಮಾಡುವ ಮುಂಚೆ ನಡೆಸುವವರ ಗುರುತನ್ನು ಮತ್ತೊಮ್ಮೆ ಖಚಿತಪಡಿಸಿಕೊಳ್ಳಬೇಕು. ನಕಲಿ ಬೆರಳನ್ನು ಗುರುತಿಸಲು ಯುಐಡಿಎಐ 2023ರ ಫೆಬ್ರುವರಿಯಲ್ಲೇ ಬೆರಳು ಜೀವಂತವೇ ಎಂದು ನೋಡುವ ಪರೀಕ್ಷೆಯನ್ನು ಪ್ರಕಟಿಸಿತ್ತು. ಇವೆಲ್ಲ ಬೇಕಾದ ಸುಧಾರಣೆಗಳೇ. ಆದರೆ ನಾನು ಕೇಳುವುದು ಅದಕ್ಕಿಂತ ಸರಳ: ಗ್ರಾಹಕರು ಕೇಳಿದರೆ ಮಾತ್ರ ಎಇಪಿಎಸ್ ತೆರೆಯಲಿ. ಕೇಳದವರ ಖಾತೆಯಲ್ಲಿ ಅದು ಮುಚ್ಚಿರಲಿ. ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ನಾವು ಕೇಳಿದ ಮೇಲೆಯೇ ತೆರೆಯುತ್ತಾರೆ, ವಿದೇಶಕ್ಕೆ ಹೋಗುವವರಿಗೆ ಸಿಗುವ ಆ ಎಚ್ಚರಿಕೆ ತರೀಕೆರೆಯ ರೈತರಿಗೂ ಸಿಗಬೇಕು.

ಇಂಥ ಪ್ರಶ್ನೆ ಕೇಳುವುದು ತಂತ್ರಜ್ಞಾನದ ವಿರೋಧವೇ ಎಂದು ಕೇಳಿದ್ದೀರಿ. 2012ರಲ್ಲಿ ಆಧಾರ್ ಯೋಜನೆಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದವರು ನಮ್ಮದೇ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರು ಎಂಬತ್ತು ದಾಟಿದ ಹಿರಿಯರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕು ಎಂದರು. ಮರುವರ್ಷದ ತೀರ್ಪು ಆಧಾರ್ ಅನ್ನು ಉಳಿಸಿತು, ಆದರೆ ಬ್ಯಾಂಕ್ ಮತ್ತು ಮೊಬೈಲ್‌ಗೆ ಅದನ್ನು ಕಡ್ಡಾಯ ಮಾಡಬಾರದು ಎಂದಿತು. ಎರಡನೆಯ ಖಾತೆಯನ್ನು ಆಧಾರ್ ಇಲ್ಲದೆ ತೆರೆಯಿರಿ ಎಂದು ನಾನು ಇಂದು ನಿಮಗೆ ಹೇಳಲು ಸಾಧ್ಯವಾಗಿರುವುದು ಆ ಹಿರಿಯರು ಪ್ರಶ್ನೆ ಕೇಳಿದ್ದರಿಂದ. ನಿಮ್ಮ ಅಣ್ಣನಿಗೆ ಇದನ್ನು ಹೇಳಿ.

ಬ್ಯಾಂಕಿನಿಂದ ಮೂವತ್ತು ದಿನದೊಳಗೆ, ಅಂದರೆ ಜನವರಿ 14ರ ಹೊತ್ತಿಗೆ, ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕವಿಲ್ಲ, ವಕೀಲರು ಬೇಡ. ಆನ್‌ಲೈನ್‌ನಲ್ಲೂ ಕೊಡಬಹುದು, ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲೂ ಕಳುಹಿಸಬಹುದು, ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಮೊಹರು ಇರುವ ದೂರಿನ ಪ್ರತಿ, ಪಾಸ್‌ಬುಕ್ ಪುಟ, ಮಂಡಿಯ ಬಿಲ್, ಎಫ್‌ಐಆರ್, ಆಧಾರ್ ದೃಢೀಕರಣದ ಪಟ್ಟಿ, ಇಷ್ಟನ್ನು ಒಟ್ಟಿಗೆ ಇಡಿ. ಆ ದೂರಿನ ವಿಚಾರಣೆ ಮುಗಿಯುವ ಮೊದಲೇ ಗ್ರಾಹಕರ ಆಯೋಗಕ್ಕೆ ಹೋಗಬೇಡಿ, ಒಂದೇ ವಿಷಯ ಎರಡು ಕಡೆ ಇದ್ದರೆ ಓಂಬುಡ್ಸ್‌ಮನ್ ದೂರನ್ನು ತಿರಸ್ಕರಿಸುತ್ತಾರೆ. ಬ್ಯಾಂಕ್ ನಡುವೆ ರಾಜಿಯ ಮಾತಾಡಿ ಅರ್ಧ ಹಣ ಕೊಡುತ್ತೇವೆ, ಇಲ್ಲಿ ಸಹಿ ಹಾಕಿ ಎಂದರೆ, ಆ ಕಾಗದದಲ್ಲಿ ‘ಪೂರ್ಣ ಪರಿಹಾರ ಪಡೆದಿದ್ದೇನೆ’ ಎಂಬ ಸಾಲು ಇದೆಯೇ ಎಂದು ನೋಡದೆ ಅಪ್ಪನಿಂದ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಿಸಬೇಡಿ.